ಮರದ ತೊಗಟೆ, ರಕ್ತದ ಕಣ

'ಹಿತ್ತಲ ಗಿಡ ಮದ್ದಲ್ಲ' ಎಂಬುದು ಕನ್ನಡದ ಹಳೆಯ ಗಾದೆ. ಸದಾ ಕಣ್ಣೆದುರಿನಲ್ಲಿರುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಈ ಗಾದೆಗೆ ನಿತ್ಯಪುಷ್ಪಕ್ಕಿಂತ ಉತ್ತಮ ನಿದರ್ಶನ ಮತ್ತೊಂದಿಲ್ಲ. ಕಾಶಿಕಣಗಿಲೆ ಎಂದೂ ಹೆಸರಾದ ಈ ಪುಟ್ಟ ಗಿಡದ ತೌರು ಮಡಗಾಸ್ಕರ್ ದ್ವೀಪ. ಅಲ್ಲಿಂದ ಬಂದು ಅದು ನಮ್ಮ ಮನೆಗಳ ಅಂಗಳದಲ್ಲಿಯೂ ಬೇಲಿಯ ಮಗ್ಗುಲಲ್ಲಿಯೂ ನೆಲೆಯೂರಿತು. ನೀರೆರೆದು ಸಾಕುವವರಿಲ್ಲದಿದ್ದರೂ ವರ್ಷವಿಡೀ ಹೂ ಬಿಡುವ ಈ ಗಿಡ ಮಕ್ಕಳ ಪ್ರಾಣವನ್ನು ಉಳಿಸಬಲ್ಲುದೆಂದು ಬಹುಕಾಲ ಯಾರೂ ಊಹಿಸಿರಲಿಲ್ಲ.

ಜಮೈಕಾ ದ್ವೀಪದ ಜನರು ಮಧುಮೇಹಕ್ಕೆ ಮದ್ದೆಂದು ನಿತ್ಯಪುಷ್ಪದ ಎಲೆಯ ಕಷಾಯವನ್ನು ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆಗಳು ಕೆನಡಾ ದೇಶಕ್ಕೆ ಹೋದುವು. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಅದರ ಸಾರವನ್ನು ಇಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಅದರ ಬದಲು ಇಲಿಗಳ ರಕ್ತದಲ್ಲಿನ ಬಿಳಿಯ ಕಣಗಳ ಸಂಖ್ಯೆ ಕುಸಿಯಿತು. ನಿರೀಕ್ಷಿಸಿದ ಫಲ ದೊರೆಯಲಿಲ್ಲವೆಂದು ಅವರು ಎಲೆಗಳನ್ನು ಎಸೆದುಬಿಡಲಿಲ್ಲ. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ರೋಗವೊಂದಿದೆಯಲ್ಲವೆ, ಅದಕ್ಕೆ ಇದೇ ಮದ್ದಾಗಬಾರದೇಕೆ ಎಂದು ಯೋಚಿಸಿದರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಔಷಧದ ವಿವರ ಪ್ರಕಟವಾಯಿತು. ಅದೇ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧಕ್ಕೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದು ಇಂದಿಗೂ ಒಂದು ಮುಖ್ಯ ಔಷಧವಾಗಿದೆ.

ಜೀವಕೋಶವೊಂದು ಎರಡಾಗಿ ಒಡೆಯುವಾಗ ಅದರೊಳಗೆ ಸೂಕ್ಷ್ಮವಾದ ಎಳೆಗಳು ರೂಪುಗೊಳ್ಳುತ್ತವೆ. ವಿನ್‌ಕ್ರಿಸ್ಟಿನ್ ಆ ಎಳೆಗಳು ಹೆಣೆದುಕೊಳ್ಳದಂತೆ ತಡೆಯುತ್ತದೆ. ಒಡೆಯಲಾರದ ಕೋಶ ಸಾಯುತ್ತದೆ. ಇದು ದೊಡ್ಡ ಗೆಲುವೇ ಸರಿ. ಆದರೆ ಕೋಶವು ಹೀಗೆ ಅಂಕೆಮೀರಿ ಬೆಳೆಯುವಂತೆ ಆಜ್ಞೆ ಬರುವುದು ಎಲ್ಲಿಂದ? ಆ ಆಜ್ಞೆಯನ್ನೇ ಮೌನಗೊಳಿಸುವ ವಸ್ತು ಸಸ್ಯಲೋಕದಲ್ಲಿ ಉಂಟೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟವರಿಗೆ ಮಾರ್ಗ ತೋರಿದ ಸಸ್ಯಗಳಲ್ಲಿ ಭಾರತದ ಕಾಡುಗಳ ಮರವೊಂದು ಸೇರಿದೆ. ಅದರ ಕಥೆಯನ್ನು ಅರಿಯಬೇಕಾದರೆ ಮೊದಲು ರಕ್ತದ ವಿಷಯವನ್ನು ತಿಳಿಯಬೇಕು.

ನಮ್ಮ ಎಲುಬುಗಳ ಒಳಗಿನ ಮೃದುವಾದ ಮಜ್ಜೆಯೇ ರಕ್ತಕಣಗಳ ತವರು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳು. ಸತ್ತ ಕಣಗಳ ಸ್ಥಾನವನ್ನು ತುಂಬಲು ಮಜ್ಜೆಯು ಪ್ರತಿಯೊಂದು ಸೆಕೆಂಡಿಗೂ ಸುಮಾರು 20 ಲಕ್ಷ ಹೊಸ ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಬಿಳಿಯ ಕಣಗಳು ದೇಹದ ಕಾವಲುಗಾರರು. ಅವುಗಳಲ್ಲಿ ಹಲವಕ್ಕೆ ಇನ್ನೂ ಕಡಮೆ ಆಯುಸ್ಸು. ಹುಟ್ಟುವುದು, ಬೆಳೆಯುವುದು, ಕೆಲಸ ಮುಗಿದೊಡನೆ ಸಾಯುವುದು, ಇವು ಮೂರೂ ನಿಯಮಕ್ಕೆ ಒಳಪಟ್ಟು ನಡೆದರೆ ಮಾತ್ರ ರಕ್ತ ಆರೋಗ್ಯವಾಗಿರುತ್ತದೆ. ಕೆಲವೊಮ್ಮೆ ಬಿಳಿಯ ಕಣಗಳ ಒಂದು ಸಂತತಿ ಈ ನಿಯಮವನ್ನು ಮೀರುತ್ತದೆ. ಅವು ಪಕ್ವವಾಗಿ ಕೆಲಸಕ್ಕೆ ಬರುವುದಿಲ್ಲ; ಸಾಯಬೇಕಾದಾಗ ಸಾಯುವುದೂ ಇಲ್ಲ. ಸಂಖ್ಯೆ ಮಾತ್ರ ಏರುತ್ತ ಹೋಗಿ, ಮಜ್ಜೆಯಲ್ಲಿ ಒಳ್ಳೆಯ ಕಣಗಳಿಗೆ ಎಡೆಯೇ ಇಲ್ಲದಂತಾಗುತ್ತದೆ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1847ರಲ್ಲಿ ಈ ರೋಗಕ್ಕೆ ಲ್ಯುಕೀಮಿಯ ಎಂಬ ಹೆಸರನ್ನಿತ್ತನು. ಗ್ರೀಕ್ ಮೂಲದ ಆ ಪದಕ್ಕೆ 'ಬಿಳಿಯ ರಕ್ತ' ಎಂದರ್ಥ.

ರಕ್ತಕಣಗಳಿಗೆ ಈ ನಿಯಮವನ್ನು ಕಲಿಸುವವರಾರು? ಜೀವಕೋಶದ ನಡುವೆ ಇರುವ ಕೋಶಕೇಂದ್ರದಲ್ಲಿ ಡಿ.ಎನ್.ಎ. ಎಂಬ ಉದ್ದನೆಯ ಎಳೆಗಳಿವೆ. ಒಂದು ಕೋಶದಲ್ಲಿರುವ ಡಿ.ಎನ್.ಎ.ಯನ್ನು ಬಿಡಿಸಿ ನೀಳವಾಗಿ ಜೋಡಿಸಿದರೆ ಸುಮಾರು ಎರಡು ಮೀಟರು ಉದ್ದವಾಗುತ್ತದೆ. ಅದರಲ್ಲಿ ಪ್ರೋಟೀನುಗಳನ್ನು ತಯಾರಿಸುವ ಸುಮಾರು 20,000 ಆದೇಶಗಳು ಬರೆಯಲ್ಪಟ್ಟಿವೆ. ಅವುಗಳನ್ನೇ ವಂಶವಾಹಿಗಳು ಅಥವಾ ಜೀನ್‌ಗಳು ಎನ್ನುತ್ತಾರೆ.

ಇದನ್ನು ಹಿಂದಿನ ಕಾಲದ ಒಂದು ಗ್ರಂಥಭಂಡಾರಕ್ಕೆ ಹೋಲಿಸಬಹುದು. ಅಲ್ಲಿ ಮೂಲ ತಾಳೆಗರಿಯ ಕಟ್ಟುಗಳನ್ನು ಯಾರೂ ಹೊರಗೆ ಒಯ್ಯುವಂತಿರಲಿಲ್ಲ. ಬೇಕಾದ ಭಾಗವನ್ನು ಲಿಪಿಕಾರನು ಅಲ್ಲಿಯೇ ಕುಳಿತು ಪ್ರತಿ ಮಾಡುತ್ತಿದ್ದನು. ಆ ಪ್ರತಿ ಮಾತ್ರ ಹೊರಗೆ ಹೋಗುತ್ತಿತ್ತು. ಜೀವಕೋಶದಲ್ಲಿಯೂ ಹೀಗೆಯೇ. ಡಿ.ಎನ್.ಎ. ಕೋಶಕೇಂದ್ರದಲ್ಲಿಯೇ ಉಳಿಯುತ್ತದೆ. ಪಾಲಿಮರೇಸ್ ಎಂಬ ಕಿಣ್ವವು ಲಿಪಿಕಾರನಂತೆ ಬೇಕಾದ ಜೀನನ್ನು ಆರ್.ಎನ್.ಎ. ರೂಪದಲ್ಲಿ ನಕಲು ಮಾಡುತ್ತದೆ. ಆ ನಕಲು ಕೋಶಕೇಂದ್ರದಿಂದ ಹೊರಗೆ ಬಂದು, ಅದರಂತೆ ಪ್ರೋಟೀನು ತಯಾರಾಗುತ್ತದೆ.

ಚರ್ಮದ ಕೋಶದಲ್ಲಿಯೂ ಬಿಳಿಯ ರಕ್ತಕಣದಲ್ಲಿಯೂ ಇರುವ ಗ್ರಂಥ ಬಹುಮಟ್ಟಿಗೆ ಒಂದೇ. ಆದರೆ ಎಲ್ಲ ಕೋಶಗಳೂ ಎಲ್ಲ ಪುಟಗಳನ್ನೂ ಓದುವುದಿಲ್ಲ. ಯಾವ ಪುಟವನ್ನು ತೆರೆಯಬೇಕು, ಯಾವಾಗ ತೆರೆಯಬೇಕು, ಎಷ್ಟು ಪ್ರತಿಗಳನ್ನು ಮಾಡಬೇಕು ಎಂಬುದಕ್ಕೆ ಕಟ್ಟುಪಾಡು ಉಂಟು. ಇದಕ್ಕೆ ಜೀನ್ ನಿಯಂತ್ರಣ ಎಂದು ಹೆಸರು. ಈ ಕಟ್ಟುಪಾಡಿನಲ್ಲಿ ಒಂದು ವಿಶೇಷವಿದೆ. ಲಿಪಿಕಾರ ಕಿಣ್ವವು ಅನೇಕ ಜೀನ್‌ಗಳಲ್ಲಿ ನಕಲನ್ನು ಆರಂಭಿಸಿ, ಕೆಲವೇ ಅಕ್ಷರಗಳನ್ನು ಬರೆದು, ಅಲ್ಲಿಯೇ ನಿಂತುಬಿಡುತ್ತದೆ. ಮುಂದುವರಿಯಲು ಅದಕ್ಕೆ ಅಪ್ಪಣೆ ಬೇಕು. ಆ ಅಪ್ಪಣೆಯನ್ನು ಕೊಡುವುದು ಸಿ.ಡಿ.ಕೆ.-9 ಎಂಬ ಇನ್ನೊಂದು ಕಿಣ್ವ. ಅದು ಬಂದು ರಂಜಕದ ಒಂದು ಗುರುತನ್ನು ಅಂಟಿಸಿದ ಮೇಲೆ ಲಿಪಿಕಾರನ ಕೆಲಸ ಮುಂದೆ ಸಾಗುತ್ತದೆ.

ಕ್ಯಾನ್ಸರ್ ಕೋಶದಲ್ಲಿ ಈ ನಿಯಂತ್ರಣ ಕೆಡುತ್ತದೆ. ತೆರೆಯಬಾರದ ಪುಟಗಳು ತೆರೆದೇ ಇರುತ್ತವೆ; ಮಿತವಾಗಿ ಬರೆಯಬೇಕಾದದ್ದು ಅತಿಯಾಗಿ ಬರೆಯಲ್ಪಡುತ್ತದೆ. ಎಂ.ಸಿ.ಎಲ್.-1 ಎಂಬ ಪ್ರೋಟೀನಿನ ಸಂಗತಿಯನ್ನೇ ನೋಡಬಹುದು. ಕೆಟ್ಟುಹೋದ ಕೋಶವು ತಾನಾಗಿ ಸಾಯುವ ವ್ಯವಸ್ಥೆ ನಮ್ಮ ದೇಹದಲ್ಲಿದೆ. ಎಂ.ಸಿ.ಎಲ್.-1 ಆ ಮರಣವನ್ನು ತಡೆದು ನಿಲ್ಲಿಸುತ್ತದೆ. ಆರೋಗ್ಯವಂತ ಕೋಶಕ್ಕೂ ಅದು ತಕ್ಕಷ್ಟು ಬೇಕು. ಆದರೆ ಹಲವು ಬಗೆಯ ರಕ್ತದ ಕ್ಯಾನ್ಸರುಗಳಲ್ಲಿ ರೋಗಗ್ರಸ್ತ ಕಣಗಳು ಅದನ್ನು ಹೇರಳವಾಗಿ ತಯಾರಿಸಿಕೊಂಡು ಅದರ ಆಸರೆಯಿಂದಲೇ ಬದುಕುತ್ತವೆ.

ಇನ್ನು ಮರದ ಕಥೆಗೆ ಬರೋಣ. ಪಶ್ಚಿಮ ಘಟ್ಟಗಳ ಮತ್ತು ಈಶಾನ್ಯ ಭಾರತದ ಕಾಡುಗಳಲ್ಲಿ ಬೇವಿನ ಕುಟುಂಬಕ್ಕೆ ಸೇರಿದ ಒಂದು ಮರ ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಡೈಸಾಕ್ಸೈಲಮ್ ಬೈನೆಕ್ಟಾರಿಫೆರಮ್ ಎಂದು ಕರೆಯುತ್ತಾರೆ. 1980ರ ದಶಕದಲ್ಲಿ ಮುಂಬಯಿಯಲ್ಲಿದ್ದ ಹೋಕ್ಸ್ಟ್ ಎಂಬ ಔಷಧ ಸಂಸ್ಥೆಯ ಸಂಶೋಧಕರು ಊತವನ್ನು ಇಳಿಸುವ ಔಷಧಕ್ಕಾಗಿ ಭಾರತದ ಸಸ್ಯಗಳನ್ನು ಪರೀಕ್ಷಿಸುತ್ತಿದ್ದರು. ಈ ಮರದ ಕಾಂಡದ ತೊಗಟೆಯಿಂದ ಅವರಿಗೆ ಒಂದು ವಸ್ತು ದೊರೆಯಿತು. ಅದೇ ವಸ್ತು 1979ರಲ್ಲಿಯೇ ಬೇವಿನ ಕುಟುಂಬದ ರೋಹಿತಕ ಎಂಬ ಇನ್ನೊಂದು ಮರದಲ್ಲಿ ಕಂಡುಬಂದಿತ್ತು. ಆ ಮರದ ಹೆಸರಿನಿಂದಲೇ ಅದಕ್ಕೆ ರೋಹಿಟುಕಿನ್ ಎಂಬ ಹೆಸರು ಬಂದಿತ್ತು. ಮುಂಬಯಿಯ ಸಂಶೋಧಕರು 1988ರಲ್ಲಿ ಅದರ ರಚನೆಯನ್ನೂ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವ ವಿಧಾನವನ್ನೂ ಪ್ರಕಟಿಸಿದರು.

ಪ್ರಕೃತಿಯು ಕೊಟ್ಟ ವಸ್ತುವನ್ನು ರಸಾಯನಶಾಸ್ತ್ರಜ್ಞರು ಹಾಗೆಯೇ ಬಳಸಿಕೊಳ್ಳಲಿಲ್ಲ. ರೋಹಿಟುಕಿನ್ನಿನ ಅಣುವನ್ನು ಮಾದರಿಯಾಗಿಟ್ಟುಕೊಂಡು, ಅದರ ಒಂದು ಮೂಲೆಯಲ್ಲಿದ್ದ ಪುಟ್ಟ ಮೀಥೈಲ್ ಗುಂಪಿನ ಸ್ಥಾನದಲ್ಲಿ ಕ್ಲೋರಿನ್ ಹೊತ್ತ ಒಂದು ಉಂಗುರವನ್ನು ಕೂಡಿಸಿ ಹೊಸ ಅಣುವನ್ನು ರಚಿಸಿದರು. ಅದಕ್ಕೆ ಫ್ಲೇವೊಪಿರಿಡಾಲ್ ಎಂದು ಹೆಸರಾಯಿತು. ಮುಂದೆ ಅದನ್ನು ಆಲ್ವೊಸಿಡಿಬ್ ಎಂದೂ ಕರೆದರು. ಊತಕ್ಕಾಗಿ ಆರಂಭವಾದ ಶೋಧನೆ ಕ್ಯಾನ್ಸರಿನ ಕಡೆಗೆ ತಿರುಗಿತು.

ಈ ಅಣುವು ಕೋಶ ವಿಭಜನೆಯ ಗಡಿಯಾರವನ್ನು ನಡೆಸುವ ಕಿಣ್ವಗಳನ್ನು ತಡೆಯುತ್ತದೆ ಎಂಬುದು ಮೊದಲು ತಿಳಿದ ಸಂಗತಿ. ಆ ಕಿಣ್ವಗಳನ್ನು ತಡೆಯುವ ಔಷಧಗಳಲ್ಲಿ ಮನುಷ್ಯರ ಮೇಲೆ ಪರೀಕ್ಷೆಗೆ ಬಂದ ಮೊದಲನೆಯದು ಇದೇ. ಆದರೆ ವಿಭಜನೆಯಾಗದೆ ಸುಮ್ಮನಿರುವ ರಕ್ತಕಣಗಳನ್ನೂ ಅದು ಕೊಲ್ಲುತ್ತಿತ್ತು. ಒಡೆಯದೆ ಇರುವ ಕೋಶವನ್ನು ವಿಭಜನೆ ತಡೆಯುವ ಮದ್ದು ಹೇಗೆ ಕೊಂದೀತು? 2000ದ ಸುಮಾರಿಗೆ ಈ ಒಗಟು ಬಿಡಿಸಿತು. ಸಿ.ಡಿ.ಕೆ. ಎಂಬ ಕಿಣ್ವಗಳ ಗುಂಪಿನಲ್ಲಿ ಫ್ಲೇವೊಪಿರಿಡಾಲ್ ಅತ್ಯಂತ ಬಲವಾಗಿ ಹಿಡಿದು ನಿಲ್ಲಿಸುವುದು ಸಿ.ಡಿ.ಕೆ.-9 ಅನ್ನು. ಎಂದರೆ ಅದು ಲಿಪಿಕಾರನಿಗೆ ಅಪ್ಪಣೆಯೇ ದೊರೆಯದಂತೆ ಮಾಡುತ್ತದೆ. ಗ್ರಂಥವು ಸುಡುವುದಿಲ್ಲ, ಹರಿಯುವುದಿಲ್ಲ; ಅದರ ಪ್ರತಿ ಮಾತ್ರ ಹೊರಗೆ ಬರುವುದಿಲ್ಲ.

ಆರೋಗ್ಯವಂತ ಕೋಶಗಳಿಗೂ ಸಿ.ಡಿ.ಕೆ.-9 ಬೇಕು. ಹಾಗಿದ್ದಮೇಲೆ ಕ್ಯಾನ್ಸರ್ ಕಣಗಳೇ ಮೊದಲು ಸಾಯುವುದೇಕೆ? ಎರಡು ಹಣತೆಗಳನ್ನು ಕಲ್ಪಿಸಿಕೊಳ್ಳಬಹುದು. ಒಂದರಲ್ಲಿ ಎಣ್ಣೆ ತುಂಬಿದೆ. ಇನ್ನೊಂದರಲ್ಲಿ ಎಣ್ಣೆ ನಿಲ್ಲುವುದೇ ಇಲ್ಲ. ಗಳಿಗೆಗೊಮ್ಮೆ ಎರೆಯುತ್ತಲೇ ಇರಬೇಕು. ಎರೆಯುವ ಕೈಯನ್ನು ಸ್ವಲ್ಪ ಹೊತ್ತು ತಡೆದರೆ ಎರಡನೆಯದು ಆರುತ್ತದೆ, ಮೊದಲನೆಯದು ಉರಿಯುತ್ತದೆ. ಜೀವಕೋಶದ ಅನೇಕ ಪ್ರೋಟೀನುಗಳು ದಿನಗಟ್ಟಲೆ ಉಳಿಯುತ್ತವೆ. ಎಂ.ಸಿ.ಎಲ್.-1 ಹಾಗಲ್ಲ, ಅದೂ ಅದರ ಆರ್.ಎನ್.ಎ. ನಕಲೂ ಬಹುಬೇಗ ನಶಿಸುತ್ತವೆ. ಆದುದರಿಂದ ನಕಲು ಕೆಲವು ಗಂಟೆ ನಿಂತರೂ ಸಾಕು, ಅದರ ಸಂಗ್ರಹ ಬರಿದಾಗುತ್ತದೆ. ಅದರ ಆಸರೆಯೊಂದರಿಂದಲೇ ಬದುಕಿರುವ ಕ್ಯಾನ್ಸರ್ ಕಣ ಕುಸಿಯುತ್ತದೆ. ಆರೋಗ್ಯವಂತ ಕೋಶಕ್ಕೂ ಪೆಟ್ಟು ತಗಲದೆ ಇರುವುದಿಲ್ಲ. ಆದರೆ ತಡೆ ತೆರವಾದೊಡನೆ ಅದು ಚೇತರಿಸಿಕೊಳ್ಳುವ ಸಂಭವ ಹೆಚ್ಚು.

ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕಣಗಳ ಮೇಲೆ ಈ ವಸ್ತು ಅದ್ಭುತವಾಗಿ ಕೆಲಸ ಮಾಡಿತು. ಎಲ್ಲರಲ್ಲಿಯೂ ಆಸೆ ಮೂಡಿತು. 1990ರ ದಶಕದಲ್ಲಿ ರೋಗಿಗಳ ಮೇಲೆ ಪರೀಕ್ಷೆ ಆರಂಭವಾದಾಗ ಔಷಧವನ್ನು 72 ಗಂಟೆಗಳ ಕಾಲ ಎಡೆಬಿಡದೆ ಹನಿಹನಿಯಾಗಿ ರಕ್ತನಾಳಕ್ಕೆ ಸೇರಿಸುತ್ತಿದ್ದರು. ಫಲ ನಿರಾಶಾದಾಯಕವಾಗಿತ್ತು. ಅನೇಕ ಔಷಧಗಳ ಚರಿತ್ರೆ ಇಂತಹ ಹಂತದಲ್ಲಿಯೇ ಮುಗಿದುಹೋಗುತ್ತದೆ.

ಆದರೆ ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದ ಜಾನ್ ಬರ್ಡ್ ಮತ್ತು ಅವರ ಸಂಗಡಿಗರು ಈ ಸೋಲಿನ ಕಾರಣವನ್ನು ವಿಚಾರಿಸಿದರು. ಪ್ರಯೋಗಾಲಯದ ಪಾತ್ರೆಗಳಲ್ಲಿ ಕೋಶಗಳನ್ನು ಬೆಳೆಸಲು ಕರುವಿನ ರಕ್ತದ್ರವವನ್ನು ಬಳಸುವುದು ವಾಡಿಕೆ. ಮನುಷ್ಯನ ರಕ್ತದ್ರವದಲ್ಲಿಯಾದರೋ ಈ ಔಷಧದ ಬಹುಭಾಗ ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡುಬಿಡುತ್ತಿತ್ತು. ಕ್ಯಾನ್ಸರ್ ಕಣಗಳನ್ನು ಮುಟ್ಟಲು ಬಿಡುವಾಗಿ ಉಳಿಯುತ್ತಿದ್ದ ಅಂಶ ತೀರ ಸ್ವಲ್ಪ. ಹನಿಹನಿಯಾಗಿ ಕೊಟ್ಟಾಗ ಅದು ಬೇಕಾದ ಮಟ್ಟಕ್ಕೆ ಏರುತ್ತಲೇ ಇರಲಿಲ್ಲ. ಮದ್ದು ಅದೇ, ಕೊಡುವ ಕ್ರಮ ತಪ್ಪಾಗಿತ್ತು. ಅವರು ಹೊಸ ಕ್ರಮವನ್ನು ಗೊತ್ತುಮಾಡಿದರು. ಔಷಧದ ಒಂದು ಭಾಗವನ್ನು ಅರ್ಧ ಗಂಟೆಯಲ್ಲಿ ಕೊಟ್ಟು, ಉಳಿದುದನ್ನು ನಾಲ್ಕು ಗಂಟೆಗಳಲ್ಲಿ ಕೊಟ್ಟರು.

2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದೀರ್ಘಕಾಲಿಕ ರಕ್ತದ ಕ್ಯಾನ್ಸರಿನಿಂದ ನರಳುತ್ತ, ಬೇರೆ ಚಿಕಿತ್ಸೆಗಳು ಫಲಿಸದೆ ಹೋಗಿದ್ದ 42 ರೋಗಿಗಳಲ್ಲಿ 19 ಮಂದಿಗೆ ರೋಗವು ಗಣನೀಯವಾಗಿ ಇಳಿಯಿತು. ಆದರೆ ಗೆಲುವಿನ ಬೆನ್ನಿಗೇ ಹೊಸದೊಂದು ಅಪಾಯ ತಲೆದೋರಿತು. ಕೆಲವರಲ್ಲಿ ಕ್ಯಾನ್ಸರ್ ಕಣಗಳು ಎಷ್ಟು ವೇಗವಾಗಿ ಸತ್ತವೆಂದರೆ, ಅವು ಒಡೆದು ಸುರಿದ ಪೊಟ್ಯಾಸಿಯಮ್ ಮೊದಲಾದ ವಸ್ತುಗಳಿಂದ ರಕ್ತವೇ ಕಲುಷಿತವಾಯಿತು. ಇದರಿಂದ ಮೂತ್ರಪಿಂಡ ಕೆಡಬಹುದು. ಹೃದಯದ ಬಡಿತ ನಿಲ್ಲಲೂಬಹುದು. ಕೆಲವರಿಗೆ ಯಂತ್ರದ ಸಹಾಯದಿಂದ ರಕ್ತವನ್ನು ಶುದ್ಧಿ ಮಾಡಬೇಕಾಯಿತು. 'ಅತಿಯಾದರೆ ಅಮೃತವೂ ವಿಷ' ಎಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಾಗಿಲ್ಲ. ಅಂದಿನಿಂದ ವೈದ್ಯರು ಗಂಟೆಗಂಟೆಗೂ ರಕ್ತವನ್ನು ಪರೀಕ್ಷಿಸುತ್ತ, ಎಚ್ಚರದಿಂದ ಈ ಔಷಧವನ್ನು ಪ್ರಯೋಗಿಸುವಂತಾಯಿತು.

ಮುಂದೆ ತೀವ್ರಗತಿಯ ಇನ್ನೊಂದು ರಕ್ತದ ಕ್ಯಾನ್ಸರಿನಲ್ಲಿ ಇದನ್ನು ಬೇರೆ ಎರಡು ಔಷಧಗಳೊಂದಿಗೆ ಕೂಡಿಸಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಆ ವರದಿಯಂತೆ, ಒಂದು ಸುತ್ತಿನ ಚಿಕಿತ್ಸೆಯ ನಂತರ ರೋಗದ ಗುರುತುಗಳು ಮರೆಯಾದವರು ಹಳೆಯ ಕ್ರಮದಲ್ಲಿ ನೂರಕ್ಕೆ 46. ಹೊಸ ಕ್ರಮದಲ್ಲಿ ನೂರಕ್ಕೆ 70. ಆದರೂ ರೋಗಿಗಳ ಒಟ್ಟು ಆಯುಸ್ಸಿನಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಈ ಕಾರಣದಿಂದ ಫ್ಲೇವೊಪಿರಿಡಾಲ್ ವಿನ್‌ಕ್ರಿಸ್ಟಿನ್ನಿನಂತೆ ಎಲ್ಲ ಆಸ್ಪತ್ರೆಗಳ ಔಷಧವಾಗಲಿಲ್ಲ. ಆದರೆ ಶ್ರಮ ವ್ಯರ್ಥವಾಯಿತೆನ್ನುವಂತಿಲ್ಲ. ಜೀನ್‌ಗಳ ನಕಲನ್ನು ಸ್ವಲ್ಪ ಕಾಲ ತಡೆದು ಕ್ಯಾನ್ಸರ್ ಕಣವನ್ನು ಉರುಳಿಸಬಹುದು ಎಂಬ ತತ್ತ್ವವನ್ನು ಅದು ರೋಗಿಗಳ ದೇಹದಲ್ಲಿಯೇ ತೋರಿಸಿಕೊಟ್ಟಿತು. ಸಿ.ಡಿ.ಕೆ.-9 ಅನ್ನು ಮಾತ್ರ ಗುರಿಯಾಗಿಸಿಕೊಂಡ ಹೊಸ ಅಣುಗಳ ಅನ್ವೇಷಣೆ ಅದೇ ದಾರಿಯಲ್ಲಿ ನಡೆದಿದೆ.

ಈ ಚರಿತ್ರೆಯಿಂದ ಕಲಿಯಬೇಕಾದ ಮೊದಲನೆಯ ಪಾಠ ವಿವೇಕದ್ದು. ಗಿಡಮೂಲಿಕೆಯಿಂದ ಬಂದದ್ದೆಲ್ಲ ನಿರಪಾಯಕಾರಿ ಎಂದು ನಂಬುವವರುಂಟು. ರಕ್ತದ ಕ್ಯಾನ್ಸರಿಗೆ ಇಂತಹ ಎಲೆಯ ರಸ ಸಾಕು, ಅಂತಹ ಬೇರಿನ ಪುಡಿ ಸಾಕು ಎಂದು ಹೇಳುವವರೂ ಉಂಟು. ನಿತ್ಯಪುಷ್ಪದ ಎಲೆಯಲ್ಲಿ ವಿನ್‌ಕ್ರಿಸ್ಟಿನ್ನಿನ ಅಂಶ ಅತ್ಯಲ್ಪ. ಜೊತೆಗೆ ಬೇರೆ ಬೇರೆ ಕಟುವಾದ ವಸ್ತುಗಳೂ ಅದರಲ್ಲಿವೆ. ಅದನ್ನು ಅರೆದು ಕುಡಿದವನಿಗೆ ಮದ್ದು ದಕ್ಕುವುದಿಲ್ಲ, ವಿಷ ದಕ್ಕಬಹುದು. ವಿನ್‌ಕ್ರಿಸ್ಟಿನ್ನನ್ನು ವೈದ್ಯರು ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಒಳ್ಳೆಯ ಚಿಕಿತ್ಸಾ ಸೌಕರ್ಯವಿರುವ ದೇಶಗಳಲ್ಲಿ ಲಿಂಫ್ ಕಣಗಳ ತೀವ್ರ ರಕ್ತ ಕ್ಯಾನ್ಸರಿಗೆ ತುತ್ತಾದ ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳು ಇಂದು ಗುಣ ಹೊಂದುತ್ತಾರೆ. ಅದೇ ರೋಗಕ್ಕೆ ಚಿಕಿತ್ಸೆ ದೊರೆಯದಿದ್ದರೆ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಪ್ರಾಣಕ್ಕೆ ಎರವಾಗುತ್ತದೆ. ಕಷಾಯವನ್ನು ನೆಚ್ಚಿ ಕಳೆದ ದಿನಗಳು ಮತ್ತೆ ಬರುವುದಿಲ್ಲ.

ಎರಡನೆಯ ಪಾಠ ಮರದ ಕಡೆಗೆ ನಮ್ಮ ಕರ್ತವ್ಯದ್ದು. ರೋಹಿಟುಕಿನ್ ಅನ್ನು ಮರದಿಂದ ಪಡೆಯಬೇಕಾದರೆ ತೊಗಟೆಯನ್ನು ಸುಲಿಯಬೇಕು. ಸುತ್ತಲೂ ತೊಗಟೆ ಕಳೆದುಕೊಂಡ ಮರ ಬದುಕುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ಪಶ್ಚಿಮ ಘಟ್ಟಗಳ ಈ ಮರದಲ್ಲಿ ರೋಹಿಟುಕಿನ್ ಹೇರಳವಾಗಿರುವುದನ್ನು 2010ರಲ್ಲಿ ತೋರಿಸಿದರು. ಮರದ ಅಂಗಾಂಶಗಳ ಒಳಗೆ, ಅದಕ್ಕೆ ಕೇಡು ಮಾಡದೆ ವಾಸಿಸುವ ಒಂದು ಶಿಲೀಂಧ್ರವೂ ಅದೇ ವಸ್ತುವನ್ನು ತಯಾರಿಸುತ್ತದೆ ಎಂಬ ಸಂಗತಿ 2012ರಲ್ಲಿ ಬೆಳಕಿಗೆ ಬಂದಿತು. ಶಿಲೀಂಧ್ರದಿಂದ ದೊರೆಯುವ ಪ್ರಮಾಣ ಮರಕ್ಕಿಂತ ಬಹಳ ಕಡಮೆ. ಆದರೂ ಮರವನ್ನು ಕಡಿಯದೆ ಮದ್ದನ್ನು ಪಡೆಯುವ ದಾರಿಯೊಂದನ್ನು ಅದು ಸೂಚಿಸುತ್ತದೆ.

ಮರವು ಈ ವಸ್ತುವನ್ನು ತಯಾರಿಸಿದ್ದು ಮನುಷ್ಯನ ರಕ್ತಕ್ಕಾಗಿ ಅಲ್ಲ. ಓಡಲಾರದ, ಕೂಗಲಾರದ ಸಸ್ಯಗಳು ಕೀಟಗಳಿಂದಲೂ ಶಿಲೀಂಧ್ರಗಳಿಂದಲೂ ತಮ್ಮನ್ನು ಕಾಪಾಡಿಕೊಳ್ಳಲು ಇಂತಹ ಸಾವಿರಾರು ರಾಸಾಯನಿಕ ವಸ್ತುಗಳನ್ನು ತಯಾರಿಸಿಕೊಂಡಿವೆ. ಕೀಟದ ಕೋಶವೂ ಮನುಷ್ಯನ ಕೋಶವೂ ತಮ್ಮ ಜೀನ್‌ಗಳನ್ನು ಓದುವ ಕ್ರಮ ಮೂಲದಲ್ಲಿ ಒಂದೇ ಆಗಿರುವುದರಿಂದ ಮರದ ಆಯುಧ ಮನುಷ್ಯನಿಗೂ ಉಪಕರಣವಾಗಬಲ್ಲುದು. ಅದನ್ನು ಔಷಧದ ಹಂತಕ್ಕೆ ತರಲು ತೊಗಟೆಯಲ್ಲಿ ಅದನ್ನು ಕಂಡವರು ಬೇಕು, ಅದರ ಅಣುವನ್ನು ತಿದ್ದಿದವರು ಬೇಕು, ಸೋಲಿನ ಕಾರಣವನ್ನು ಕೇಳಿದವರು ಬೇಕು, ಪರೀಕ್ಷೆಗೆ ತಮ್ಮ ದೇಹವನ್ನೇ ಒಪ್ಪಿಸಿದ ರೋಗಿಗಳೂ ಬೇಕು. ಎಲ್ಲಕ್ಕೂ ಮೊದಲು ಆ ಮರ ಕಾಡಿನಲ್ಲಿ ನಿಂತಿರಬೇಕು. ಯಾರೂ ಪರೀಕ್ಷಿಸುವ ಮೊದಲೇ ಅಳಿದುಹೋದ ಮರದ ತೊಗಟೆಯಲ್ಲಿ ಏನಿತ್ತೆಂದು ಮುಂದೆ ಯಾರೂ ತಿಳಿಯಲಾರರು.